ಸೂರಣ್ಣನ ಗಾಡಿಯ ಕಪ್ಪು ಪಟ್ಟಿ

ನಾನು ಒಂದು ಹಳೆಯ ಪಿಕಪ್ ಗಾಡಿ ಕೊಂಡೆ. ಅದರ ಜೊತೆಗೆ ಸೂರಣ್ಣನೂ ಬಂದರು.

ಹೀಗೆಂದರೆ ಸಂಬಳ ಕೊಟ್ಟು ಡ್ರೈವರನ್ನು ಇಟ್ಟುಕೊಂಡೆ ಎಂದು ತಿಳಿಯಬೇಡಿ. ಸೂರಣ್ಣ ಗಾಡಿಯ ಹಿಂದಿನ ಯಜಮಾನರು. ಹೆಮ್ಮಾಡಿಯಲ್ಲೇ, ನಮ್ಮ ಮನೆಯಿಂದ ಎರಡು ಗದ್ದೆ ಆಚೆ ಅವರ ಮನೆ. ಕಾಗದಪತ್ರಕ್ಕೆಲ್ಲ ಸಹಿ ಹಾಕಿ, ಬೀಗದ ಕೈಯನ್ನು ನನ್ನ ಅಂಗೈಯಲ್ಲಿಟ್ಟು, “ಇನ್ ಗಾಡಿ ನಿಮ್ದ್ ಶೆಟ್ರೆ. ಒಂದ್ ಗೀರೂ ಇಲ್ಲ, ಬೇಕಾರೆ ಕಾಣಿ” ಎಂದು ಹೇಳಿ ಹೋದವರು ಮರುದಿನ ಬೆಳಿಗ್ಗೆ ನಾನು ಹಲ್ಲುಜ್ಜುತ್ತ ಹೊರಗೆ ಬಂದಾಗ ನಮ್ಮ ಅಂಗಳದಲ್ಲಿ ನಿಂತಿದ್ದರು.

“ಹ್ವಾಯ್, ರಾತ್ರಿ ಮಂಜ್ ಬಿದ್ದಿತ್ತಲ, ಗಾಡಿ ಹ್ಯಾಂಗಿತ್ತ್ ಕಾಂಬ ಅಂದೇಳಿ ಬಂದೆ” ಎಂದರು.

ಮಂಜು ಬಿದ್ದರೆ ಗಾಡಿಗೆ ಶೀತವಾಗುವುದಿಲ್ಲ ಎಂದು ಹೇಳೋಣವೆಂದರೆ ನನ್ನ ಬಾಯಲ್ಲಿ ಪೇಸ್ಟು ಇತ್ತು. ಅದರ ಮರುದಿನವೂ ಬಂದರು. ಆಮೇಲೆ ಅವರು ಬರುವುದು ಪೇಪರು ಬರುವ ಹಾಗೆ, ಹಾಲು ಬರುವ ಹಾಗೆ ನಮ್ಮ ಮನೆಯ ಬೆಳಗಿನ ಒಂದು ಭಾಗವೇ ಆಗಿಹೋಯಿತು. ಕೈಯಲ್ಲಿ ಸದಾ ಒಂದು ಕೊಡೆ. ಬಿಸಿಲಿರಲಿ, ಮೋಡವಿರಲಿ, ಅದನ್ನು ಬಿಡಿಸಿದ್ದು ಮಾತ್ರ ನಾನು ಕಂಡಿಲ್ಲ, ಊರಿಕೊಂಡೇ ಬರುವರು. ಗಾಡಿಗೆ ಒಂದು ಸುತ್ತು ಬರುವರು. ಎಡಗಡೆಯ ಹಿಂದಿನ ಚಕ್ರದ ಹತ್ತಿರ ನಿಂತು, ಅದರ ಮೇಲೆ ಕಮಾನಿನಂತೆ ಬಾಗಿದ ಕಪ್ಪು ಪ್ಲಾಸ್ಟಿಕ್ ಪಟ್ಟಿಯನ್ನು ಪಂಡಿತರು ನಾಡಿ ನೋಡುವ ಹಾಗೆ ಹೆಬ್ಬೆರಳಿನಿಂದ ಒಮ್ಮೆ ಒತ್ತುವರು. ಆಮೇಲೆ ಜಗಲಿಗೆ ಬಂದು ಸುಮತಿ ಕೊಟ್ಟ ಚಹಾ ಕುಡಿದು ಹೋಗುವರು. ಸುಮತಿ ನನ್ನ ಹೆಂಡತಿ. “ಮಗಳನ್ನ ಮದಿ ಮಾಡ್ ಕೊಟ್ಟ್ ಅಪ್ಪನೂ ಇಷ್ಟ್ ಸಲ ಬಪ್ಪುದಿಲ್ಲ ಕಾಣಿ” ಎಂದು ಅವಳು ನಗುತ್ತಿದ್ದಳು. ಆ ಲೆಕ್ಕದಲ್ಲಿ ನಾನು ಅಳಿಯ. ಅಳಿಯನಿಗೆ ಸಿಗಬೇಕಾದ ಮರ್ಯಾದೆ ಮಾತ್ರ ಸಿಗುತ್ತಿರಲಿಲ್ಲ. “ಹಾರನ್ ಜೋರ್ ಒತ್ತಬೇಡಿ, ಅದ್ಕೆ ಅಭ್ಯಾಸ ಇಲ್ಲ” ಎಂದು ಒಂದು ದಿನ ಅಪ್ಪಣೆಯಾಯಿತು.

ನನ್ನದು ಸಣ್ಣ ಎಣ್ಣೆ ಗಾಣ. ಮುಂಬೈಯಲ್ಲಿ ಬಹಳ ವರ್ಷ ಹೋಟೆಲು ನಡೆಸಿ, ಅಲ್ಲಿಯ ಲೋಕಲ್ ರೈಲಿನಲ್ಲಿ ನಿಂತು ನಿಂತು ಸಾಕಾಗಿ, ಊರಿಗೆ ಬಂದು ಗಾಣ ಹಾಕಿದವನು ನಾನು. ಬೈಂದೂರಿನಿಂದ ಬ್ರಹ್ಮಾವರದವರೆಗಿನ ಅಂಗಡಿಗಳಿಗೆ ತೆಂಗಿನೆಣ್ಣೆಯ ಕ್ಯಾನು ಮುಟ್ಟಿಸುವುದಕ್ಕೆ, ದನ ಸಾಕಿದವರಿಗೆ ಹಿಂಡಿ ಹಾಕಿ ಬರುವುದಕ್ಕೆ ಒಂದು ಗಾಡಿ ಬೇಕಾಗಿತ್ತು. ಸೂರಣ್ಣ ಅದರಲ್ಲಿ ಗಂಗೊಳ್ಳಿಯಿಂದ ಮೀನು ಹೊರುತ್ತಿದ್ದರು. ‘ಮೀನಿನ ವ್ಯಾಪಾರ ಮೊದಲಿನ ಹಾಗಿಲ್ಲ, ಗಾಡಿ ಕೊಡುತ್ತೇನೆ’ ಎಂದರು, ಕೊಂಡೆ. ಈ ಉದ್ಯೋಗ ಬದಲಾದ ಸುದ್ದಿ ಊರಿನ ಬೆಕ್ಕುಗಳಿಗೆ ಬಹಳ ದಿನ ತಿಳಿಯಲಿಲ್ಲ. ನಾನು ಯಾವ ಅಂಗಡಿಯ ಎದುರು ನಿಲ್ಲಿಸಿದರೂ ಬಾಲ ನೆಟ್ಟಗೆ ಮಾಡಿಕೊಂಡು ಓಡಿ ಬರುತ್ತಿದ್ದವು. ಹಿಂದಿನ ಬಾಗಿಲು ತೆಗೆದು ಎಣ್ಣೆ ಕ್ಯಾನು ಇಳಿಸಿದಾಗ ಅವು ನನ್ನನ್ನು ನೋಡುತ್ತಿದ್ದ ನೋಟವನ್ನು, ಮದುವೆಯಲ್ಲಿ ಹೋಳಿಗೆ ಮುಗಿಯಿತು ಎಂದಾಗ ಕೊನೆಯ ಪಂಕ್ತಿಯವರ ಮುಖದಲ್ಲಿ ಮಾತ್ರ ಕಂಡಿದ್ದೇನೆ.

ಈಗ ಆ ಕಪ್ಪು ಪಟ್ಟಿಯ ವಿಷಯ. ನಾಲ್ಕು ಚಕ್ರಗಳ ಮೇಲೂ ಒಂದೊಂದು ಇದೆ. ಗಾಡಿಯ ಜೊತೆಗೇ ಹುಟ್ಟಿದ್ದಲ್ಲ. ಸೂರಣ್ಣ ಕುಂದಾಪುರದ ಅಂಗಡಿಯಲ್ಲಿ ಹಾಕಿಸಿದ್ದು. ಅಂಗಡಿಯವರು ಅದನ್ನು ಬೀಡಿಂಗ್ ಎನ್ನುತ್ತಾರೆ. ಸುಮತಿಯ ಭಾಷೆಯಲ್ಲಿ ಅದು ಗಾಡಿಯ ‘ಫಾಲ್ಸು’. ಸೀರೆಗೆ ಫಾಲ್ಸು ಹೊಲಿಸುವುದು ಅಂಚು ಕೆಡದಿರಲಿ ಎಂದು. ನೆರಿಗೆಯೂ ಚಂದ ಕೂರುತ್ತದೆ. ಇದೂ ಅಷ್ಟೇ, ಕಲ್ಲು ಕೆಸರು ಹಾರದಿರಲಿ ಎಂದು, ಮತ್ತೆ ನೋಡಲು ಚಂದವಿರಲಿ ಎಂದು. ಕಾಲೇಜಿನಲ್ಲಿ ನಮ್ಮ ಕನ್ನಡ ಮೇಷ್ಟ್ರು ಅಲಂಕಾರವೆಂಬುದು ಕಾವ್ಯಕ್ಕೆ ಬಳೆಯ ಹಾಗೆ ಹೊರಗಿನಿಂದ ತೊಡಿಸಿದ್ದೋ, ಅಥವಾ ಮೈಬಣ್ಣದ ಹಾಗೆ ಒಳಗಿನಿಂದಲೇ ಬಂದದ್ದೋ ಎಂದು ಮಳೆಗಾಲವಿಡೀ ಚರ್ಚೆ ಮಾಡಿದ್ದರು. ಆಗ ನನಗೆ ನಿದ್ದೆ ಬರುತ್ತಿತ್ತು. ಈಗ ಅದೇ ಪ್ರಶ್ನೆ ಗಂಟೆಗೆ ನಲವತ್ತರ ವೇಗದಲ್ಲಿ ಪಟಪಟನೆ ಬಡಿದುಕೊಂಡು ನನ್ನನ್ನು ಎಬ್ಬಿಸಿತು.

ಮಳೆಗಾಲ ಮುಗಿಯುವ ಹೊತ್ತಿಗೆ ಎಡಗಡೆಯ ಹಿಂದಿನ ಚಕ್ರದ ಪಟ್ಟಿ ಕೆಳಗಿನಿಂದ ಬಿಟ್ಟುಕೊಂಡಿತ್ತು. ಮೇಲ್ಭಾಗ ಮಾತ್ರ ಎಂಥ ಗಟ್ಟಿ! ಅಲ್ಲಿ ಯಾರೋ ಬೇಕೆಂದೇ ಎರಡು ಸ್ಕ್ರೂ ಹೆಚ್ಚಿಗೆ ಹೊಡೆದಿದ್ದರು. ಕೆಳಗಿನ ತುದಿ ಗಾಳಿಗೆ ಬಾಯಿ ತೆರೆದು ಮುಚ್ಚುತ್ತಿತ್ತು. ಮೆಲ್ಲಗೆ ಹೋದರೆ ಗೊಣಗುತ್ತದೆ. ಜೋರು ಹೋದರೆ ಚೆಂಡೆ. ರಸ್ತೆ ಬದಿಯವರು ತಿರುಗಿ ನೋಡುತ್ತಿದ್ದರು. ಇಂಥ ಸಣ್ಣ ಕೆಲಸಕ್ಕೆ ಗ್ಯಾರೇಜಿಗೆ ಹೋಗುವುದು ನನ್ನಂಥ ಗಂಡಸಿಗೆ ಒಪ್ಪುವುದಿಲ್ಲ. ನನ್ನ ಬಳಿ ಒಂದು ಸ್ಕ್ರೂಡ್ರೈವರ್ ಪೆಟ್ಟಿಗೆ ಇದೆ. ಅದರ ಅರ್ಧ ಸಾಮಾನಿನ ಉಪಯೋಗ ನನಗೆ ತಿಳಿಯದು, ಆದರೂ ಪೆಟ್ಟಿಗೆ ನನ್ನದು.

ಮೊದಲು ಒಂದು ಬೇಗ ಹಿಡಿಯುವ ಗಮ್ಮು ತಂದೆ. ಅದು ನಿಜವಾಗಿಯೂ ಬೇಗ ಹಿಡಿಯಿತು, ನನ್ನ ಎರಡು ಬೆರಳುಗಳನ್ನು. ಬಲಗೈಯಲ್ಲಿ ಶಂಖಮುದ್ರೆ ಹಿಡಿದು ಒಳಗೆ ಬಂದ ನನ್ನನ್ನು ನೋಡಿ ಸುಮತಿ, “ಎಂತ, ಪೂಜಿಗ್ ಕೂಕಂತ್ರಿಯಾ?” ಎಂದಳು. ತೆಂಗಿನೆಣ್ಣೆ ಹಾಕಿ ಉಜ್ಜಿ ಉಜ್ಜಿ ಬೆರಳು ಬಿಡಿಸಿದಳು. ಆಮೇಲೆ ಎರಡೂ ಕಡೆ ಅಂಟುವ ಟೇಪು ಹಚ್ಚಿದೆ. ಕೆಸರಿನ ಮೇಲೆಯೇ ಹಚ್ಚಿದ್ದರಿಂದ ಟೇಪು ಕೆಸರನ್ನು ಬಹಳ ಪ್ರೀತಿಯಿಂದ ಹಿಡಿದುಕೊಂಡಿತು, ಗಾಡಿಯನ್ನಲ್ಲ. ಬ್ರಹ್ಮಾವರಕ್ಕೆ ಹೊರಟವನು ಕೋಟ ದಾಟುತ್ತಿದ್ದಂತೆ ಸ್ಕೂಟರಿನಲ್ಲಿ ಬಂದ ಹೆಂಗಸೊಬ್ಬಳು ಪಕ್ಕಕ್ಕೆ ಬಂದು, “ಹ್ವಾಯ್! ನಿಮ್ ಗಾಡಿ ಲಂಗೋಟಿ ಎಳ್ಕಂಡ್ ಹೋತಾ ಇತ್ತ್ ಕಾಣಿ!” ಎಂದು ಕೂಗಿ ಮುಂದೆ ಹೋದಳು. ಇಳಿದು ನೋಡಿದರೆ ಪಟ್ಟಿಯ ತುದಿ ರಸ್ತೆಗೆ ಉಜ್ಜುತ್ತಿತ್ತು. ಹಿಂಡಿ ಮೂಟೆಯ ಹಗ್ಗ ಬಿಚ್ಚಿ ಕಟ್ಟಿಕೊಂಡು ಮನೆಗೆ ಬಂದೆ.

ಮರುದಿನ ಸೂರಣ್ಣ ಬಂದಾಗ ಹೇಳಿಬಿಟ್ಟೆ. “ಸೂರಣ್ಣ, ನಾಲ್ಕೂ ಕಿತ್ತ್ ಬಿಸಾಡ್ತೆ. ಎಣ್ಣೆ ಹೊರೂಕೆ ಈ ಶೃಂಗಾರ ಎಂತಕ್ಕೆ?”

ಅವರ ಮುಖದ ಬಣ್ಣ ಹೋಯಿತು. “ಕೀಳುಕಾಗ! ಕಿತ್ರೆ ಒಳಗ್ ತುಕ್ಕ್ ಹಿಡಿತ್ತ್. ಪೈಂಟ್ ಹೋತ್ತ್. ನಾ ಅಂಟ್ಸ್ ಕೊಡ್ತೆ, ನೀವ್ ಅದನ್ನ ಮುಟ್ಟಬೇಡಿ.”

“ನೀವ್ ಎಂತಕ್ ಕಷ್ಟ ಪಡ್ತ್ರಿ? ಪಟ್ಟಿ ಇಲ್ದಿರೆ ಗಾಡಿ ಓಡುದಿಲ್ಯಾ?”

“ಬ್ಯಾಡ ಅಂದ್ನಲ್ದಾ!” ಎಂದು ಅವರು ಕೊಡೆಯಿಂದ ನೆಲ ಕುಟ್ಟಿದರು. ಸೂರಣ್ಣ ಅಷ್ಟು ದೊಡ್ಡ ಸ್ವರದಲ್ಲಿ ಮಾತಾಡಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ನನಗೂ ಸಿಟ್ಟು ಬಂತು. “ಗಾಡಿ ಈಗ ನಂದಲ್ದಾ ಸೂರಣ್ಣ?” ಎಂದೆ.

“ಹೌದ್, ನಿಮ್ದೇ” ಎಂದು ಹೇಳಿ, ಸುಮತಿ ಚಹಾ ತರುವ ಮೊದಲೇ ಹೊರಟುಹೋದರು.

ಅದರ ನಂತರ ಸೂರಣ್ಣ ಬರಲಿಲ್ಲ. ಮೊದಲ ದಿನ ನಾನು ಹಾಯಾಗಿ ಪೇಪರು ಓದಿದೆ. ಮರುದಿನ ಓದಿದ ಸುದ್ದಿಯನ್ನೇ ಮತ್ತೆ ಓದಿದೆ. ಸುಮತಿ ಮಾತ್ರ ಅಭ್ಯಾಸದಿಂದ ಒಂದು ಲೋಟ ಹೆಚ್ಚಿಗೆ ಮಾಡಿ, ಜಗಲಿಯ ಮೇಲಿಟ್ಟು, ಅದು ಆರುವುದನ್ನು ನನಗೆ ಕಾಣುವ ಹಾಗೆ ಬಿಡುತ್ತಿದ್ದಳು. ನನ್ನ ಹೆಂಡತಿಗೆ ಬೈಯುವ ಅಭ್ಯಾಸವಿಲ್ಲ. ಅವಳ ಹತ್ತಿರ ಇಂಥ ಉಪಾಯಗಳಿವೆ.

ಭಾನುವಾರ ಬಂತು. ಹಗ್ಗ ಕಟ್ಟಿದ ಗಾಡಿಯನ್ನು ಎಷ್ಟು ದಿನ ಓಡಿಸುವುದು? ಅಂಗಳದಲ್ಲಿ ಗೋಣಿ ಹಾಸಿ ಕುಳಿತು, ತುಕ್ಕು ಹಿಡಿದ ಆ ಎರಡು ಸ್ಕ್ರೂಗಳ ಜೊತೆ ಗುದ್ದಾಡಿ, ಕೊನೆಗೂ ಪಟ್ಟಿ ಬಿಚ್ಚಿದೆ. ಒಳಗಿನಿಂದ ಒಣಗಿದ ಕೆಸರು, ಮರಳು, ತಗಡಿಗೆ ಮೊದಲೇ ಅಂಟಿದ್ದ, ಮಿಣಮಿಣ ಹೊಳೆಯುವ ಮೀನಿನ ಹುರುಪೆ ಉದುರಿದವು. ಮಡಚಿ ತುರುಕಿದ್ದ ಒಂದು ಸೈಕಲ್ ಟ್ಯೂಬಿನ ತುಂಡೂ ಬಿತ್ತು. ಅದು ಇದ್ದ ಜಾಗದಲ್ಲಿ ತಗಡು ಒಳಗೆ ಹೋಗಿತ್ತು. ಸಣ್ಣ ತಗ್ಗಲ್ಲ, ನನ್ನ ಮುಷ್ಟಿ ಇಟ್ಟರೆ ಸರಿಯಾಗಿ ಕೂರುವಷ್ಟು. ಬಣ್ಣ ಎದ್ದು ಅಂಚಿನಲ್ಲಿ ತುಕ್ಕು ಹತ್ತಿತ್ತು.

ನಾನು ಗೋಣಿಯ ಮೇಲೆ ಹಾಗೇ ಕುಳಿತೆ. ‘ಒಂದ್ ಗೀರೂ ಇಲ್ಲ’ ಎಂದಿದ್ದರಲ್ಲ! ಇಷ್ಟು ದಿನ ಬಂದು ಚಕ್ರದ ಹತ್ತಿರ ನಿಂತು ಒತ್ತಿ ನೋಡುತ್ತಿದ್ದದ್ದು ಪ್ರೀತಿಯಿಂದಲ್ಲ, ತಮ್ಮ ಗುಟ್ಟು ಗಟ್ಟಿಯಾಗಿದೆಯೋ ಎಂದು ನೋಡುವುದಕ್ಕೆ. ನಮ್ಮ ಮನೆಯ ಅಷ್ಟೊಂದು ಲೋಟ ಚಹಾ ಈ ಕಾವಲು ಕೆಲಸಕ್ಕೆ ಸಂದಿತಲ್ಲ! ಸುಮತಿಯನ್ನು ಕರೆದು ತೋರಿಸಿದೆ. ಅವಳು ಬಗ್ಗಿ ನೋಡಿ, “ಪೆಟ್ಟ್ ಬಿದ್ದದ್ದ್ ಗಾಡಿಗಲ್ದಾ? ನಿಮ್ಗೇ ಬಿದ್ದಾಂಗೆ ಎಂತಕ್ ಮಾಡ್ತ್ರಿ?” ಎಂದಳು. ಒಳಗೆ ಹೋಗಿ ಫೋನು ಮಾಡಿದಳು. “ಸೂರಣ್ಣ, ಇವ್ರ್ ಪಟ್ಟಿ ತೆಗ್ದ್ರ್. ಒಂಚೂರ್ ಬಂದ್ ಹೋಯ್ನಿ” ಎಂದದ್ದು ನನಗೆ ಕೇಳಿಸಿತು.

ಸೂರಣ್ಣ ಗದ್ದೆಯಂಚಿನ ಮೇಲೆ ಬರುವುದು ಕಾಣಿಸಿತು. ಆ ದಿನ ಮೊದಲ ಬಾರಿಗೆ ನಾನು ಅವರ ನಡಿಗೆಯನ್ನು ಗಮನವಿಟ್ಟು ನೋಡಿದೆ. ಎಡಗಾಲು ಎತ್ತಿ ಇಡುವಾಗ ಭಾರವೆಲ್ಲ ಕೊಡೆಯ ಮೇಲೆ. ಅಂಗಳಕ್ಕೆ ಬಂದು ಗಾಡಿಯ ಕಡೆ ಒಮ್ಮೆ ನೋಡಿ, ಹತ್ತಿರ ಹೋಗದೆ ಜಗಲಿಯ ತುದಿಯಲ್ಲಿ ಕುಳಿತರು.

“ಶೆಟ್ರೆ, ನಿಮ್ಗೆ ನಾ ಸುಳ್ಳ್ ಹೇಳ್ದೆ” ಎಂದರು. “ಮೀನಿನ್ ಯಾಪಾರ ಇಲ್ಲ ಅಂದದ್ದೂ ಸುಳ್ಳೇ.”

ಅವರೇ ಹೇಳಿದರು. “ಮನಿ ಅಂಗಳದಂಗ್ ಗಾಡಿ ಹಿಂದ್ ತೆಗಿತಾ ಇದ್ದಿದ್ದೆ. ಕ್ಲಚ್ ಮೇಲಿದ್ದ್ ಕಾಲ್ ಇತ್ತಲ, ಅದ್ ಒಂದ್ಸಲಕ್ಕೆ ನಂದಲ್ಲ ಅಂಬಂಗ್ ಆಯ್ತ್. ಒತ್ತ್ ಅಂದ್ರೆ ಒತ್ತುದಿಲ್ಲ, ಬಿಡ್ ಅಂದ್ರೆ ಬಿಡುದಿಲ್ಲ. ಗಾಡಿ ಹೋಯಿ ಬಟ್ಟಿ ಒಗು ಕಲ್ಲಿಗ್ ಹೊಡಿತ್. ಕಲ್ಲಿನ ಹತ್ರ ನನ್ ಹೆಂಡ್ತಿ ಒಗಿತಾ ಇದ್ದಿದ್ಲ್. ಬಾಲ್ದಿ ತರೂಕೆ ಅಂದೇಳಿ ಆಗಷ್ಟೇ ಬಾವಿಕಟ್ಟೆ ಬದಿಗೆ ಹೋಯಿದ್ಲ್.”

ಸುಮತಿ ಬಾಗಿಲಲ್ಲಿ ಬಂದು ನಿಂತಳು.

“ಶಬ್ದ ಕೇಂಡ್ ಓಡ್ ಬಂದ್ಲ್. ‘ಎಂತಾಯ್ತ್?’ ಅಂದ್ಲ್. ‘ಎಂತ ಇಲ್ಲ, ಒಂಚೂರ್ ತಾಗ್ತ್’ ಅಂದೆ. ಕಲ್ಲ್ ಕಂಡ್ಲ್, ಗಾಡಿ ಕಂಡ್ಲ್, ನನ್ ಮಕ ಮಾತ್ರ ಕಾಣ್ಲಿಲ್ಲ. ಬಾಲ್ದಿ ಇಟ್ಟ್ ಮತ್ತೆ ಒಗುಕೆ ಕೂತ್ಲ್. ಇವತ್ತಿನವರಿಗೂ ಅದ್ರ ಬಗ್ಗೆ ಒಂದ್ ಮಾತ್ ಕೇಣ್ಲಿಲ್ಲ.” ಸೂರಣ್ಣ ಕೊಡೆಯ ಹಿಡಿಯನ್ನು ತಿರುಗಿಸುತ್ತಿದ್ದರು. “ಆ ತಗ್ಗ್ ಕಂಡಾಗೆಲ್ಲ ನನ್ ಕಾಲ್ ನಡುಗ್ತಿತ್ತ್ ಶೆಟ್ರೆ. ಅದ್ಕೇ ಪಟ್ಟಿ ಹಾಕ್ಸ್ದೆ. ಒಂದಕ್ಕೇ ಹಾಕ್ರೆ ಜನ ಕೇಂತ್ರ್ ಅಲ್ದಾ, ಹಾಂಗಾಯಿ ನಾಲ್ಕಕ್ಕೂ ಹಾಕ್ಸ್ದೆ. ಅದೇ ವಾರ ನಿಮ್ಗ್ ಗಾಡಿ ಕೊಟ್ಟೆ. ನಿಮ್ಗ್ ಮೋಸ ಮಾಡ್ಕ್ ಅಂದೇಳಿ ಹಾಕ್ಸದ್ದ್ ಅಲ್ಲ. ಆದ್ರೂ ಹೇಳ್ಕಿತ್ತ್. ಟಿಂಕರಿಂಗ್ ಮಾಡುವವ್ರತ್ರ ತಕಂಡ್ ಹೋಯಿ ನಾನೇ ಸರಿ ಮಾಡ್ಸ್ ಕೊಡ್ತೆ.”

ನಾನು ಬೆಳಗಿನಿಂದ ಮನಸ್ಸಿನಲ್ಲೇ ಜೋಡಿಸಿಟ್ಟುಕೊಂಡಿದ್ದ ಮಾತುಗಳು ಬಹಳ ಚೆನ್ನಾಗಿದ್ದವು. ಅವನ್ನು ಹಾಗೇ ಕಟ್ಟಿಟ್ಟೆ. ಜೀವಮಾನವಿಡೀ ಗಾಡಿ ಓಡಿಸಿ ಯಾರಿಗೂ ಒಂದು ಗೀರು ಹಾಕದ ಮನುಷ್ಯ, ತನ್ನ ಅಂಗಳದಲ್ಲಿ, ತನ್ನ ಹೆಂಡತಿ ಆಗಷ್ಟೇ ಎದ್ದುಹೋದ ಜಾಗಕ್ಕೆ ಗಾಡಿ ನುಗ್ಗಿಸಿದ್ದನ್ನು ನೆನೆದುಕೊಂಡು ನನ್ನ ಎದುರು ತಲೆ ತಗ್ಗಿಸಿ ಕುಳಿತಿದ್ದಾರೆ. ಒಂದು ಮುಷ್ಟಿ ತಗ್ಗಿನ ಬಗ್ಗೆ ನಾನೇನು ಜಗಳವಾಡಲಿ?

“ಟಿಂಕರಿಂಗ್ ಎಲ್ಲ ಬ್ಯಾಡ ಸೂರಣ್ಣ” ಎಂದೆ. “ತುಕ್ಕ್ ಮಾತ್ರ ತೆಗ್ದ್ ಪಟ್ಟಿ ವಾಪಾಸ್ ಕೂರ್ಸುವ. ನಂಗೆ ಒಬ್ನಿಗೆ ಬತ್ತಿಲ್ಲ. ನೀವ್ ಹಿಡ್ಕಣಿ.”

“ಮೊದ್ಲ್ ಚಾ ಕುಡೀನಿ” ಎಂದು ಸುಮತಿ ಲೋಟ ತಂದಿಟ್ಟಳು. “ಮಧ್ಯಾಹ್ನ ಇಲ್ಲೇ ಊಟ. ಮನಿಗ್ ಫೋನ್ ಮಾಡ್ ಹೇಳ್ತೆ.”

ಆಮೇಲೆ ನಡೆದದ್ದು ನನ್ನ ಬದುಕಿನ ಅತ್ಯಂತ ಗದ್ದಲದ ಭಾನುವಾರಗಳಲ್ಲೊಂದು. ಸೂರಣ್ಣ ಸ್ಟೂಲಿನ ಮೇಲೆ ಕಾಲು ಚಾಚಿ ಕುಳಿತು ಅಪ್ಪಣೆ ಕೊಡುವವರು, ನಾನು ಮಾಡುವವನು. ಉಪ್ಪುಕಾಗದದಿಂದ ತುಕ್ಕು ಕೆರೆದು ಕೆಂಪು ಪ್ರೈಮರ್ ಬಳಿದೆ. ಅದು ಒಣಗುವವರೆಗೆ ಪಟ್ಟಿಗೆ ಅಂಟಿದ್ದ ಹಳೆಯ ಗಮ್ಮನ್ನು ತೆಂಗಿನೆಣ್ಣೆ ಹಚ್ಚಿ ನೆನೆಸಿ ಉಜ್ಜಿದೆವು. ಗಾಣದವನ ಮನೆಯಲ್ಲಿ ಎಣ್ಣೆಗೇನು ಬರ! ನಾನು ಉದಾರವಾಗಿ ಸುರಿದೆ. ಆಮೇಲೆ ಎಣ್ಣೆಯ ಜಿಡ್ಡು ಹೋಗದೆ ಟೇಪು ಹಿಡಿಯುವುದಿಲ್ಲ ಎಂದು ಇಬ್ಬರಿಗೂ ಒಟ್ಟಿಗೇ ಹೊಳೆಯಿತು. ಸುಮತಿಯ ಪಾತ್ರೆ ತೊಳೆಯುವ ಸೋಪು ಅರ್ಧ ಖಾಲಿಯಾಯಿತು. ಪಟ್ಟಿಯನ್ನು ಬಟ್ಟೆ ಒಣಗಿಸುವ ತಂತಿಗೆ ನೇತುಹಾಕಿದೆವು. ದಾರಿಯಲ್ಲಿ ಹೋಗುವವರು, “ಎಂತ ಶೆಟ್ರೆ, ಹಾವ್ ಹಿಡ್ದದ್ದಾ?” ಎಂದು ಕೇಳಿ ಹೋದರು.

ಅಂಟಿಸುವಾಗ ಮೊದಲ ಜಗಳ. ಮೇಲಿನಿಂದ ಶುರು ಮಾಡಬೇಕು ಎಂದು ಅವರು, ಕೆಳಗಿನಿಂದ ಎಂದು ನಾನು. ಅವರ ಮಾತಿನ ಹಾಗೆ ಮಾಡಿದೆವು. ಕೆಳಗಿನ ತುದಿ ಸೊಟ್ಟಗಾಯಿತು. ಕಿತ್ತು ನನ್ನ ಮಾತಿನ ಹಾಗೆ ಮಾಡಿದೆವು. ಮೇಲಿನ ಸ್ಕ್ರೂ ತೂತು ಬೆರಳಗಲ ಆಚೆ ಹೋಯಿತು. ಕೊನೆಗೆ ಸುಮತಿ ಬಂದು, “ಫಾಲ್ಸ್ ಇಡುವಾಗ ಮೊದ್ಲ್ ನಡು ಹಿಡೂಕ್” ಎಂದಳು. ನಡುವಿನಿಂದ ಶುರು ಮಾಡಿದೆವು. ಆಗಲೂ ಏನು ಬಹಳ ನೇರ ಬಂತು ಎಂದು ಹೇಳಲಾರೆ. ಆದರೆ ಆ ಹೊತ್ತಿಗೆ ಮೂವರಿಗೂ ಹಸಿವಾಗಿತ್ತು, ಹಸಿದವರ ಕಣ್ಣಿಗೆ ಅದು ನೇರವಾಗಿಯೇ ಕಂಡಿತು. ಟೇಪು ಗಟ್ಟಿ ಹಿಡಿಯಲಿ ಎಂದು ಸುತ್ತ ಹಗ್ಗ ಬಿಗಿದೆವು. ಸೂರಣ್ಣ ಒಂದು ತುದಿ ಹಿಡಿದು, ನಾನು ಚಕ್ರಕ್ಕೆ ಕಾಲು ಕೊಟ್ಟು ಎಳೆದದ್ದನ್ನು ನೋಡಿದವರು, ಯಕ್ಷಗಾನದ ಚೌಕಿಯಲ್ಲಿ ರಾಕ್ಷಸವೇಷಕ್ಕೆ ಬಟ್ಟೆ ಬಿಗಿಯುತ್ತಿದ್ದಾರೆ ಎಂದುಕೊಳ್ಳಬೇಕು. ಎಳೆಯುತ್ತಿದ್ದಂತೆ ಸೂರಣ್ಣನಿಗೆ ನಗು ಬಂತು. ನಗುತ್ತ ಹಗ್ಗ ಬಿಟ್ಟರು, ನಾನು ಹಿಂದಕ್ಕೆ ಹಿಂಡಿ ಮೂಟೆಯ ಮೇಲೆ ಬಿದ್ದೆ. ಅವರು ಕಣ್ಣೊರೆಸಿಕೊಂಡು ನಗುತ್ತಿದ್ದರು. ಕಣ್ಣೊರೆಸಿಕೊಂಡದ್ದೆಲ್ಲ ನಗುವಿಗೇ ಇರಲಾರದು.

ಆ ದಿನ ಬಂಗುಡೆ ಸಾರು, ಕುಚ್ಚಿಗೆ ಅನ್ನ. ಊಟ ಮಾಡುತ್ತ ಸುಮತಿ ಮೆಲ್ಲಗೆ, “ಸೂರಣ್ಣ, ಮನಿಯಂಗೆ ಅಕ್ಕನತ್ರ ಒಂದ್ ಮಾತ್ ಹೇಳ್ ಬಿಡಿ. ಅವ್ರಿಗೆ ಗೊತ್ತಿರ್ತ್, ಆದ್ರೂ ಹೇಳಿ” ಎಂದಳು. ಅಕ್ಕ ಎಂದರೆ ಅವರ ಹೆಂಡತಿ. ಸೂರಣ್ಣ ಇನ್ನೊಂದು ಸೌಟು ಸಾರು ಹಾಕಿಸಿಕೊಂಡರು.

ಮರುದಿನ ಸಂಜೆ ಹಗ್ಗ ಬಿಚ್ಚಿದೆ. ಪಟ್ಟಿ ನಿಂತಿತ್ತು. ಶಬ್ದ ಬರುತ್ತದೋ ಎಂದು ಪರೀಕ್ಷೆ ಮಾಡಬೇಕಲ್ಲ, “ಬನಿ ಸೂರಣ್ಣ, ಮರವಂತೆವರಿಗೆ ಹೋಯಿ ಬಪ್ಪ” ಎಂದೆ. ಅವರು ಅಭ್ಯಾಸಬಲದಿಂದ ಬಲಗಡೆಯ ಬಾಗಿಲಿಗೆ ಹೋಗಿ ನಿಂತು, ಆಮೇಲೆ ನೆನಪಾಗಿ ಎಡಗಡೆಗೆ ಬಂದರು. ಹತ್ತುವಾಗ ನಾನು ತೋಳು ಹಿಡಿದೆ. ಬೇಡ ಎನ್ನಲಿಲ್ಲ. “ರಾತ್ರಿ ಅವ್ಳತ್ರ ಹೇಳ್ದೆ” ಎಂದರು, ಬಾಗಿಲು ಹಾಕಿಕೊಳ್ಳುತ್ತ. “ಎಂತ ಹೇಳ್ರ್?” ಎಂದೆ. “‘ಇಷ್ಟ್ ದಿನ ಬೇಕಾಯ್ತಾ ಹೇಳುಕೆ?’ ಅಂದ್ಲ್. ಮತ್ತೆ ನನ್ ಕಾಲಿಗ್ ಎಣ್ಣೆ ತಿಕ್ಕುಕೆ ಕೂತ್ಲ್.”

ಗಾಡಿ ಹೊರಟಿತು. ಕಿವಿಗೊಟ್ಟೆವು. ಪಟಪಟ ಇಲ್ಲ. ಸೂರಣ್ಣ ಮಾತ್ರ ತಿರುವಿನಲ್ಲೆಲ್ಲ ಬಲಗಾಲಿನಿಂದ ಇಲ್ಲದ ಬ್ರೇಕನ್ನು ಒತ್ತುತ್ತಿದ್ದರು. ನಾನು ಗೇರು ಬದಲಿಸಿದಾಗೆಲ್ಲ ಅವರ ಕೈ ಸಣ್ಣಗೆ ಅಲುಗುತ್ತಿತ್ತು. ತ್ರಾಸಿ ದಾಟಿತು. ಮರವಂತೆ ಬಂತು. ಎಡಗಡೆ ತಡೆಗಲ್ಲುಗಳ ಆಚೆಗೆ ಸಮುದ್ರ, ಬಲಗಡೆ ಸೌಪರ್ಣಿಕಾ ಹೊಳೆ. ಸೂರಣ್ಣ ಕಿಟಕಿಯ ಗಾಜು ಪೂರ್ತಿ ಇಳಿಸಿದರು. ಅವರ ಕಾಲು ಬ್ರೇಕು ಒತ್ತುವುದನ್ನು ಬಿಟ್ಟಿತ್ತು.

“ಶೆಟ್ರೆ, ಸಮುದ್ರ ನಂಗೆ ಹೊಸ್ತಲ್ಲ. ಹುಟ್ಟದ್ದೇ ಅದ್ರ ಬದಿಯಂಗೆ” ಎಂದರು. “ಆದ್ರೆ ಈ ಗಾಡಿಯಂಗ್ ಕೂಕಂಡ್ ಕಂಡದ್ದ್ ಇವತ್ತೇ ಕಾಣಿ. ಮೀನ್ ಹಾಳಾತ್ತ್ ಅಂದೇಳಿ ರಸ್ತೆ ಒಂದೇ ಕಂಡದ್ದ್ ನಾನ್.”

ನಾವುಂದದಲ್ಲಿ ಗಾಡಿ ತಿರುಗಿಸಿದೆ. ವಾಪಸು ಬರುವಾಗ ಹೊಳೆ ಅವರ ಕಡೆಗೆ ಬಂತು, ಸಮುದ್ರ ನನ್ನ ಕಡೆಗೆ. ಸೂರ್ಯ ನೀರಿಗೆ ಇಳಿಯುತ್ತಿದ್ದ. ಸ್ವಲ್ಪ ದೂರ ಅವರು ತಡೆದುಕೊಂಡರು. ಆಮೇಲೆ ನನ್ನ ತೋಳು ತಟ್ಟಿದರು.

“ಹ್ವಾಯ್, ಒಂಚೂರ್ ಹಿಂದ್ ವಾಲಿ ಮಾರಾಯ್ರೆ. ನಿಮ್ ಹೊಟ್ಟಿ ಅಡ್ಡ ಬತ್ತ್.”

ನಾನು ಸೀಟಿಗೆ ಬೆನ್ನು ಒತ್ತಿ, ಉಸಿರು ಬಿಗಿಹಿಡಿದು, ಹೊಟ್ಟೆಯನ್ನು ಆದಷ್ಟು ಒಳಗೆಳೆದುಕೊಂಡು ಕುಳಿತೆ. ಹಿಂದಿನಿಂದ ಬಸ್ಸಿನವನು ಹಾರನ್ ಹೊಡೆದ. ಬದಿಗೆ ಸರಿದು ಅವನನ್ನು ಮುಂದೆ ಬಿಟ್ಟು, ಗಾಡಿಯನ್ನು ಇನ್ನೂ ಸ್ವಲ್ಪ ಮೆಲ್ಲಗೆ ಮಾಡಿದೆ.